ಅಡಿಟಿಪ್ಪಣಿಗಳನ್ನು ಎಣಿಸಿದವರು

1873ರಲ್ಲಿ ಎರಡು ಖಂಡಗಳಲ್ಲಿ ಎರಡು ಪ್ರಕಟಣೆಗಳು ಹೊರಬಂದವು. ಒಂದನ್ನು ಹೊರತಂದವರಿಗೆ ಇನ್ನೊಂದರ ಸುಳಿವೇ ಇರಲಿಲ್ಲ. ಜಿನೀವಾದ ಸಸ್ಯವಿಜ್ಞಾನಿ ಅಲ್ಫೋನ್ಸ್ ದ ಕಾಂಡೋಲ್ ಅವರು ಎರಡು ಶತಮಾನಗಳ ವಿಜ್ಞಾನ ಮತ್ತು ವಿಜ್ಞಾನಿಗಳ ಚರಿತ್ರೆಯನ್ನು ಫ್ರೆಂಚ್ ಭಾಷೆಯಲ್ಲಿ ಬರೆದು, ಯಾವ ದೇಶ ಎಷ್ಟು ಮಂದಿ ದೊಡ್ಡ ವಿಜ್ಞಾನಿಗಳನ್ನು ಕೊಟ್ಟಿದೆ ಎಂದು ಲೆಕ್ಕ ಹಾಕಿದರು. ಅಮೆರಿಕದ ಷಿಕಾಗೋದಲ್ಲಿ ಫ್ರ್ಯಾಂಕ್ ಶೆಪರ್ಡ್ ಎಂಬುವರು ವಕೀಲರಿಗಾಗಿ ಅಂಟುಚೀಟಿಗಳನ್ನು ಅಚ್ಚು ಹಾಕಿಸಿ ಮಾರತೊಡಗಿದರು. ಒಬ್ಬರು ದೇಶಗಳನ್ನು ಎಣಿಸಿದರು, ಇನ್ನೊಬ್ಬರು ಉಲ್ಲೇಖಗಳ ಜಾಡು ಹಿಡಿದರು. ಈ ಎರಡು ಕೆಲಸಗಳು ಒಂದಾಗಲು ನೂರು ವರ್ಷ ಹಿಡಿಯಿತು. ಒಂದಾದ ಮೇಲೆ ಅವು ಸರ್ಕಾರಗಳ ಬಜೆಟ್ಟಿನಿಂದ ಹಿಡಿದು ನಮ್ಮೂರ ಕಾಲೇಜಿನ ಅಧ್ಯಾಪಕರ ಬಡ್ತಿಯವರೆಗೆ ಎಲ್ಲದರೊಳಗೂ ಕೈಹಾಕಿದವು.

ದ ಕಾಂಡೋಲ್ ಅವರ ಉಪಾಯ ಸರಳವಾಗಿತ್ತು. ಪ್ಯಾರಿಸ್, ಲಂಡನ್, ಬರ್ಲಿನ್‌ಗಳ ವಿಜ್ಞಾನ ಅಕಾಡೆಮಿಗಳು ಹೊರದೇಶದ ಕೆಲವೇ ವಿಜ್ಞಾನಿಗಳನ್ನು ಆರಿಸಿ ಸದಸ್ಯತ್ವ ಕೊಡುತ್ತಿದ್ದವು. ಸ್ವದೇಶದವರ ಆಯ್ಕೆಯಲ್ಲಿ ಪರಿಚಯ, ದಾಕ್ಷಿಣ್ಯಗಳು ನುಸುಳಬಹುದು; ಪರದೇಶದವರನ್ನು ಆರಿಸುವಾಗ ಅವರ ಕೆಲಸವೇ ಮಾತಾಡಬೇಕು. ಹಾಗಾಗಿ ಅವರು ಆ ಪಟ್ಟಿಗಳನ್ನು ಹಿಡಿದು ದೇಶವಾರು ವಿಂಗಡಿಸಿ, ಆಯಾ ದೇಶದ ಜನಸಂಖ್ಯೆಯೊಂದಿಗೆ ತಾಳೆ ನೋಡಿದರು. ಪುಟ್ಟ ಸ್ವಿಟ್ಜರ್ಲೆಂಡ್ ಎಲ್ಲರಿಗಿಂತ ಎತ್ತರದಲ್ಲಿ ನಿಂತಿತು. ಪ್ರತಿಭೆ ವಂಶದಿಂದ ಬರುತ್ತದೆ ಎಂದು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1869ರಲ್ಲಿ ವಾದಿಸಿದ್ದರು. ವಂಶವೊಂದೇ ಸಾಲದು, ಒಳ್ಳೆಯ ಶಾಲೆ, ಗ್ರಂಥಾಲಯ, ಬೇರೆ ನಂಬಿಕೆಯವರನ್ನು ಸಹಿಸುವ ಸಮಾಜ, ದೇಶಬಿಟ್ಟು ಬಂದವರಿಗೆ ಆಸರೆ, ಇವೆಲ್ಲ ಇದ್ದಲ್ಲಿ ವಿಜ್ಞಾನ ಬೆಳೆಯುತ್ತದೆ ಎಂಬುದು ದ ಕಾಂಡೋಲ್ ಅವರ ಉತ್ತರ. ದೇಶದ ವಿಜ್ಞಾನವನ್ನು ಅಳೆಯಲು ಹೊರಟ ಮೊದಲ ದೊಡ್ಡ ಪ್ರಯತ್ನವೇ ‘ಏಕೆ’ ಎಂಬ ಪ್ರಶ್ನೆಯನ್ನೂ ಕೇಳಿತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮುಂದೆ ಬಂದ ಎಷ್ಟೋ ರ‍್ಯಾಂಕ್ ಪಟ್ಟಿಗಳು ಆ ಪ್ರಶ್ನೆಯನ್ನು ಕೈಬಿಟ್ಟವು.

ಷಿಕಾಗೋದ ಶೆಪರ್ಡ್ ಅವರಿಗೆ ವಿಜ್ಞಾನದ ಗೊಡವೆ ಇರಲಿಲ್ಲ. ಹಳೆಯ ತೀರ್ಪೊಂದನ್ನು ಆಧಾರವಾಗಿ ಹಿಡಿದು ವಾದಿಸುವ ವಕೀಲರಿಗೆ ಆ ತೀರ್ಪು ಇನ್ನೂ ಊರ್ಜಿತವಾಗಿದೆಯೇ, ಅಥವಾ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿದೆಯೇ ಎಂಬುದು ಗೊತ್ತಿರಲೇಬೇಕು. ಇಲಿನಾಯ್ ರಾಜ್ಯದ ತೀರ್ಪುಗಳನ್ನು ಮುಂದೆ ಯಾವ ಯಾವ ತೀರ್ಪುಗಳಲ್ಲಿ ಉಲ್ಲೇಖಿಸಲಾಗಿದೆ ಎಂಬ ವಿವರವನ್ನು ಶೆಪರ್ಡ್ ಅಂಟು ಸವರಿದ ಕಾಗದದಲ್ಲಿ ಮುದ್ರಿಸಿ ಕೊಡುತ್ತಿದ್ದರು. ವಕೀಲರು ಅದನ್ನು ಕತ್ತರಿಸಿ, ಒದ್ದೆ ಮಾಡಿ, ತಮ್ಮ ತೀರ್ಪು ಸಂಪುಟದ ಅಂಚಿಗೆ ಅಂಟಿಸಿಕೊಳ್ಳುತ್ತಿದ್ದರು. ಹಳೆಯದರಿಂದ ಹೊಸದರ ಕಡೆಗೆ ನಡೆಯುವ ದಾರಿ ಅದು. ಮಾಮೂಲಿ ಅಡಿಟಿಪ್ಪಣಿ ನಮ್ಮನ್ನು ಹಿಂದಕ್ಕೆ ಮಾತ್ರ ಕರೆದೊಯ್ಯುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಎಣಿಸುವ ಹುಮ್ಮಸ್ಸು ಅಲ್ಲಲ್ಲಿ ಚಿಗುರಿತು. 1917ರಲ್ಲಿ ಇಂಗ್ಲೆಂಡಿನ ಎಫ್. ಜೆ. ಕೋಲ್ ಮತ್ತು ನೆಲ್ಲಿ ಈಲ್ಸ್ ಎಂಬ ಪ್ರಾಣಿವಿಜ್ಞಾನಿಗಳು 1543ರಿಂದ 1860ರವರೆಗಿನ ತೌಲನಿಕ ಅಂಗರಚನಾಶಾಸ್ತ್ರದ ಬರಹಗಳನ್ನೆಲ್ಲ ಎಣಿಸಿ, ದೇಶದೇಶಗಳ ಏರಿಳಿತವನ್ನು ರೇಖೆಗಳಲ್ಲಿ ಬರೆದರು. 1927ರ ಪ್ರಯತ್ನವಂತೂ ಬಡತನದಿಂದ ಹುಟ್ಟಿದ್ದು. ಕ್ಯಾಲಿಫೋರ್ನಿಯಾದ ಪೊಮೋನಾ ಎಂಬ ಸಣ್ಣ ಕಾಲೇಜಿನ ಗ್ರಂಥಾಲಯಕ್ಕೆ ರಸಾಯನಶಾಸ್ತ್ರದ ಯಾವ ಜರ್ನಲ್ ತರಿಸಬೇಕು? ಎಲ್ಲವನ್ನೂ ತರಿಸಲು ದುಡ್ಡಿಲ್ಲ. ಗ್ರಾಸ್ ಎಂಬ ಒಂದೇ ಅಡ್ಡಹೆಸರಿನ ಇಬ್ಬರು ಅಮೆರಿಕನ್ ಕೆಮಿಕಲ್ ಸೊಸೈಟಿಯ ಜರ್ನಲ್ಲಿನ 1926ರ ಸಂಪುಟವನ್ನು ಮುಂದಿಟ್ಟುಕೊಂಡು, ಅದರ ಅಡಿಟಿಪ್ಪಣಿಗಳಲ್ಲಿ ಬಂದ 3,633 ಉಲ್ಲೇಖಗಳನ್ನು ಒಂದೊಂದಾಗಿ ಎಣಿಸಿದರು. ಯಾವ ಜರ್ನಲ್ಲಿನ ಹೆಸರು ಹೆಚ್ಚು ಸಲ ಬಂದಿದೆಯೋ ಅದನ್ನು ಮೊದಲು ಕೊಳ್ಳಿ ಎಂದರು. ಜರ್ಮನ್ ಜರ್ನಲ್‌ಗಳ ಪ್ರಾಬಲ್ಯ ಎಷ್ಟಿತ್ತೆಂದರೆ, ರಸಾಯನಶಾಸ್ತ್ರ ಓದುವ ಅಮೆರಿಕದ ಹುಡುಗರಿಗೆ ಜರ್ಮನ್ ಕಲಿಯದೆ ಗತಿಯಿರಲಿಲ್ಲ. ಒಂದು ಜರ್ನಲ್ಲಿನ ಪ್ರಬಂಧಗಳಿಗೆ ಸರಾಸರಿ ಎಷ್ಟು ಉಲ್ಲೇಖ ಸಿಗುತ್ತದೆ ಎಂದು ಹೇಳುವ, ಮುಂದೆ ವಿಜ್ಞಾನಿಗಳ ಹಣೆಬರಹ ಬರೆದ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಅಂಕಿಯ ಮೂಲ ಇಂಥದ್ದೊಂದು ಗ್ರಂಥಾಲಯದ ಖರೀದಿಪಟ್ಟಿಯಲ್ಲಿದೆ.

ಈ ಸರಣಿಯಲ್ಲಿ ನಮ್ಮ ಎಸ್. ಆರ್. ರಂಗನಾಥನ್ ಅವರ ಹೆಸರೂ ಸೇರುತ್ತದೆ. 1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ನಡೆದ ಗ್ರಂಥಪಾಲಕರ ಸಮ್ಮೇಳನದಲ್ಲಿ, ಗ್ರಂಥಾಲಯದ ಕೆಲಸಕ್ಕೂ ಗಣಿತ, ಸಂಖ್ಯಾಶಾಸ್ತ್ರಗಳ ಅಳತೆ ಬೇಕು ಎಂದು ಅವರು ಪ್ರಸ್ತಾಪಿಸಿ ಅದಕ್ಕೆ ‘ಲೈಬ್ರಾಮೆಟ್ರಿ’ ಎಂದು ಹೆಸರಿಟ್ಟರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1962ರಲ್ಲಿ ಇಲ್ಲಿ ಕಟ್ಟಿದ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಭಾಗವಾಗಿ ಇಂದಿಗೂ ನಡೆಯುತ್ತಿದೆ.

ರಂಗನಾಥನ್ ಲೆಮಿಂಗ್ಟನ್ ಸ್ಪಾದಲ್ಲಿ ಮಾತಾಡಿದ ಹೊತ್ತಿಗೆ ಸಿಂಗಾಪುರದ ರ‍್ಯಾಫಲ್ಸ್ ಕಾಲೇಜಿನಲ್ಲಿ ಡೆರೆಕ್ ಪ್ರೈಸ್ ಎಂಬ ತರುಣ ಅಧ್ಯಾಪಕರಿದ್ದರು. ಕಾಲೇಜಿನ ಗ್ರಂಥಾಲಯದ ಕಟ್ಟಡ ಇನ್ನೂ ಏಳಬೇಕಿತ್ತು. ಲಂಡನ್ನಿನ ರಾಯಲ್ ಸೊಸೈಟಿಯ ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್ ಸಂಪುಟಗಳನ್ನು, 1665ರಿಂದ ಮೊದಲ್ಗೊಂಡು, ಪ್ರೈಸ್ ತಮ್ಮ ಕೋಣೆಗೇ ತಂದಿಟ್ಟುಕೊಂಡು ಮಲಗುವ ಮುನ್ನ ಓದುತ್ತಿದ್ದರು. ದಶಕವಾರು ಪೇರಿಸಿ ಗೋಡೆಗಾನಿಸಿ ಇಟ್ಟಾಗ ಅವರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು: ಪುಸ್ತಕದ ರಾಶಿಗಳ ತುದಿಗಳು ಸೇರಿ ಗೋಡೆಯ ಮೇಲೆ ಏರುತ್ತಲೇ ಹೋಗುವ ಒಂದು ವಕ್ರರೇಖೆಯಾಗಿದ್ದವು. ವಿಜ್ಞಾನದ ಬರವಣಿಗೆ ಕೂಡುತ್ತಾ ಬೆಳೆಯುತ್ತಿಲ್ಲ, ಒಂದು ನಿಗದಿತ ಅವಧಿಗೊಮ್ಮೆ ಇಮ್ಮಡಿಯಾಗುತ್ತಾ ಬೆಳೆಯುತ್ತಿದೆ ಎಂದು ಅವರು ಸಾರಿದರು. 1963ರ ಅವರ ‘ಲಿಟಲ್ ಸೈನ್ಸ್, ಬಿಗ್ ಸೈನ್ಸ್’ ವಿಜ್ಞಾನವನ್ನೇ ವಿಜ್ಞಾನದ ವಿಧಾನದಿಂದ ಅಧ್ಯಯನ ಮಾಡಬಹುದು ಎಂಬ ಧೈರ್ಯವನ್ನು ಒಂದು ಪೀಳಿಗೆಗೆ ಕೊಟ್ಟಿತು. ಆದರೆ ಪ್ರೈಸ್ ಅವರಿಗೆ ದೊಡ್ಡ ಪ್ರಮಾಣದ ದತ್ತಾಂಶ ಬೇಕಿತ್ತು. ಅದನ್ನು ಕೊಟ್ಟವರು ಯುಜೀನ್ ಗಾರ್ಫೀಲ್ಡ್.

ಗಾರ್ಫೀಲ್ಡ್ ನ್ಯೂಯಾರ್ಕಿನವರು, 1925ರಲ್ಲಿ ಹುಟ್ಟಿದವರು. ಓದಿದ್ದು ರಸಾಯನಶಾಸ್ತ್ರ. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಬರಹಗಳಿಗೆ ಯಂತ್ರದ ನೆರವಿನಿಂದ ಸೂಚಿ ತಯಾರಿಸುವ ಯೋಜನೆಗೆ ಸೇರಿದರು. ವಿಷಯದ ಹೆಸರಿನಡಿ ಪ್ರಬಂಧಗಳನ್ನು ವಿಂಗಡಿಸುವುದು ನಿಧಾನದ ಕೆಲಸ. ವಿಷಯ ಬಲ್ಲವರೇ ಕೂತು ಓದಬೇಕು, ಓದಿದರೂ ಒಬ್ಬರು ಹಾಕಿದ ತಲೆಬರಹ ಇನ್ನೊಬ್ಬರಿಗೆ ಒಪ್ಪಿಗೆಯಾಗದು. 1953ರಲ್ಲಿ ಈ ಯೋಜನೆಯ ಸುದ್ದಿ ಓದಿದ ವಿಲಿಯಂ ಅಡೇರ್ ಎಂಬ ನಿವೃತ್ತರು ಒಂದು ಪತ್ರ ಬರೆದರು. ಅವರು ಶೆಪರ್ಡ್ ಕಂಪನಿಯಲ್ಲಿ ಉಪಾಧ್ಯಕ್ಷರಾಗಿದ್ದವರು. ವಕೀಲರು ಎಂಬತ್ತು ವರ್ಷಗಳಿಂದ ಬಳಸುತ್ತಿರುವ ಉಲ್ಲೇಖ ಸೂಚಿಯನ್ನು ನೀವೇಕೆ ನೋಡಬಾರದು ಎಂಬುದು ಪತ್ರದ ತಿರುಳು. ಗಾರ್ಫೀಲ್ಡ್ ಗ್ರಂಥಾಲಯಕ್ಕೆ ಹೋಗಿ ಶೆಪರ್ಡ್ ಸಂಪುಟಗಳನ್ನು ತೆರೆದರು. ದಾರಿ ಸಿಕ್ಕಿತು. ಪ್ರಬಂಧದ ಲೇಖಕರೇ ತಮ್ಮ ಅಡಿಟಿಪ್ಪಣಿಗಳಲ್ಲಿ ಯಾವುದಕ್ಕೆ ಯಾವುದು ಸಂಬಂಧ ಎಂದು ಹೇಳಿಬಿಟ್ಟಿದ್ದಾರೆ. ಆ ಸಂಬಂಧವನ್ನು ತಿರುಗಿಸಿ ಜೋಡಿಸಿದರೆ ಸಾಕು.

1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಬರೆದ ಪ್ರಬಂಧ ಈ ಇಡೀ ಕಥೆಯ ನಡುಗಂಬ. ಅದರಲ್ಲಿ ಅವರು ಮುಂದಿಟ್ಟ ಮುಖ್ಯ ಉದ್ದೇಶ ದೇಶಗಳನ್ನು ಅಳೆಯುವುದಲ್ಲ, ವಿಜ್ಞಾನಿಗಳಿಗೆ ಅಂಕ ಕೊಡುವುದೂ ಅಲ್ಲ. ಹಳೆಯ ಪ್ರಬಂಧವೊಂದನ್ನು ನಂಬುವ ಮೊದಲು ಅದನ್ನು ಯಾರು ಟೀಕಿಸಿದ್ದಾರೆ, ಯಾರು ತಿದ್ದಿದ್ದಾರೆ ಎಂಬುದು ಓದುಗರಿಗೆ ತಿಳಿಯಬೇಕು. ಸುಳ್ಳು ಅಥವಾ ಅರೆಬರೆ ಫಲಿತಾಂಶಗಳನ್ನು ಕಣ್ಣುಮುಚ್ಚಿ ಉಲ್ಲೇಖಿಸುವುದು ತಪ್ಪಬೇಕು. ಓದುವವರಿಗಾಗಿ ಕಟ್ಟಿದ ಉಪಕರಣ ಅದು.

ಕಟ್ಟಲು ಹಣ ಕೊಡುವವರು ಯಾರೂ ಇರಲಿಲ್ಲ. ನ್ಯೂಜೆರ್ಸಿಯ ಥೊರೊಫೇರ್‌ನಲ್ಲಿ ಕೋಳಿಗೂಡೊಂದನ್ನು ಕಚೇರಿಯಾಗಿ ಮಾರ್ಪಡಿಸಿಕೊಂಡು ಗಾರ್ಫೀಲ್ಡ್ ತಮ್ಮ ಪುಟ್ಟ ಉದ್ಯಮ ಶುರು ಮಾಡಿದರು. ಜರ್ನಲ್‌ಗಳ ಪರಿವಿಡಿ ಪುಟಗಳನ್ನು ಒಟ್ಟುಮಾಡಿ ಅಚ್ಚು ಹಾಕಿ ಮಾರುವ ‘ಕರೆಂಟ್ ಕಂಟೆಂಟ್ಸ್’ ಅವರಿಗೆ ಅನ್ನ ಕೊಟ್ಟಿತು. 1959ರಲ್ಲಿ ನೊಬೆಲ್ ಪುರಸ್ಕೃತ ತಳಿವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಪತ್ರ ಬರೆದು, ಆ ಉಲ್ಲೇಖ ಸೂಚಿಯ ಯೋಜನೆ ಏನಾಯಿತು ಎಂದು ವಿಚಾರಿಸಿದರು. ಲೆಡರ್‌ಬರ್ಗ್ ಅವರ ಒತ್ತಾಸೆಯಿಂದ ಸರ್ಕಾರದ ನೆರವು ಬಂದು, ತಳಿವಿಜ್ಞಾನಕ್ಕೆ ಸೀಮಿತವಾದ ಒಂದು ಪ್ರಾಯೋಗಿಕ ಸೂಚಿ ತಯಾರಾಯಿತು. ಇಡೀ ವಿಜ್ಞಾನಕ್ಕೆ ಇದನ್ನು ವಿಸ್ತರಿಸಿ ಪ್ರಕಟಿಸುವ ಹೊಣೆ ಹೊರಲು ಮಾತ್ರ ಸರ್ಕಾರಿ ಸಂಸ್ಥೆ ಒಪ್ಪಲಿಲ್ಲ. ಗಾರ್ಫೀಲ್ಡ್ ಸ್ವಂತ ಕಂಪನಿಯ ಬಂಡವಾಳವನ್ನೇ ಪಣಕ್ಕಿಟ್ಟರು. 1961ನೇ ಸಾಲಿನ 613 ಜರ್ನಲ್‌ಗಳ 14 ಲಕ್ಷ ಉಲ್ಲೇಖಗಳು ಐದು ಸಂಪುಟಗಳಾಗಿ ಹೊರಬಂದವು. 1964ರಿಂದ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ನಿಯತವಾಗಿ ಪ್ರಕಟವಾಗತೊಡಗಿತು. ವಿಜ್ಞಾನಿಗಳ ಬಾಯಲ್ಲಿ ಅದು ‘ಎಸ್‌ಸಿಐ’.

ಅದರ ಒಂದು ಪುಟವನ್ನು ಹತ್ತಿರದಿಂದ ನೋಡಬೇಕು. ಇರುವೆ ಸಾಲಿನಂಥ ಅಕ್ಷರಗಳು. ಉಲ್ಲೇಖಗೊಂಡ ಪ್ರಬಂಧದ ಮೊದಲ ಲೇಖಕರ ಹೆಸರು, ಇಸವಿಯ ಕೊನೆಯ ಎರಡಂಕಿ, ಜರ್ನಲ್ಲಿನ ಮೊಟಕು ಹೆಸರು, ಸಂಪುಟ, ಪುಟ. ‘ರಾಮನ್ ಸಿವಿ, 28, ಇಂಡಿಯನ್ ಜೆ ಫಿಸಿಕ್ಸ್, 2, 387’ ಎಂದು ಬರೆದರೆ ಮುಗಿಯಿತು. 1928ರಲ್ಲಿ ರಾಮನ್ ಪರಿಣಾಮವನ್ನು ಜಗತ್ತಿಗೆ ತಿಳಿಸಿದ ಪ್ರಬಂಧದ ವಿಳಾಸ ಅದು. ಆ ಸಾಲಿನ ಕೆಳಗೆ, ಆ ವರ್ಷ ಅದನ್ನು ಉಲ್ಲೇಖಿಸಿದವರ ಹೆಸರುಗಳು. ಪ್ರಬಂಧದ ಶೀರ್ಷಿಕೆ ಇಲ್ಲ, ಉಲ್ಲೇಖಿಸಿದ್ದು ಮೆಚ್ಚಿಯೋ ಖಂಡಿಸಿಯೋ ಎಂಬ ಸೂಚನೆಯಿಲ್ಲ. ಇನಿಷಿಯಲ್ ಹಾಕಿಕೊಳ್ಳುವ ದಕ್ಷಿಣ ಭಾರತದವರಿಗೆ ಇನ್ನೊಂದು ತೊಡಕು: ರಾವ್, ಮೂರ್ತಿ, ಶಾಸ್ತ್ರಿಗಳು ಎಷ್ಟೋ ಜನ, ಒಂದೇ ಇನಿಷಿಯಲ್ಲಿನ ಇಬ್ಬರ ಕೆಲಸ ಒಬ್ಬರ ಲೆಕ್ಕಕ್ಕೆ ಜಮೆಯಾಗುವ ಸಂಭವ ಸದಾ ಇತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಬಿಡಿಸಿ ಹೇಳದೆ ಮುಂದಿನ ಕಥೆ ಅರ್ಥವಾಗದು. ಉಲ್ಲೇಖಗೊಂಡ ಪ್ರಬಂಧ ಯಾವ ಜರ್ನಲ್ಲಿನದಾದರೂ ಸೂಚಿಯಲ್ಲಿ ಬರಬಹುದು. ಆದರೆ ಉಲ್ಲೇಖಿಸುವ ಪ್ರಬಂಧ ಮಾತ್ರ ಗಾರ್ಫೀಲ್ಡ್ ಅವರ ಸಂಸ್ಥೆ ಆರಿಸಿಕೊಂಡ ಜರ್ನಲ್‌ಗಳಲ್ಲೇ ಇರಬೇಕು. ಮುಂದೆ ‘ಭಾರತದಿಂದ ಇಷ್ಟು ಪ್ರಬಂಧ ಬಂತು’ ಎಂದು ಎಣಿಸಿದಾಗಲೂ ಎಣಿಸಿದ್ದು ಆ ಆಯ್ದ ಜರ್ನಲ್‌ಗಳಲ್ಲಿ ಬಂದವನ್ನು ಮಾತ್ರ. ಅಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ‘ಮೈಸೂರ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ನಂಥ ಪತ್ರಿಕೆ ಪಟ್ಟಿಯಲ್ಲಿ ಇಲ್ಲದಿದ್ದರೆ, ಅಲ್ಲಿ ಬರೆದವರು ಈ ಲೆಕ್ಕದಲ್ಲಿ ಬರೆದೇ ಇಲ್ಲ.

ಎಸ್‌ಸಿಐ ಕೈಗೆ ಬಂದ ಕೂಡಲೇ ಪ್ರೈಸ್ ಅದರ ದತ್ತಾಂಶದ ಮೇಲೆ ಕೂತರು. ಪ್ರಬಂಧಗಳ ಜಾಲದ ಬಗ್ಗೆ 1965ರಲ್ಲಿ ಅವರು ಬರೆದದ್ದು ಈ ಕ್ಷೇತ್ರದ ಬುನಾದಿಯಾಯಿತು. ಮಾಸ್ಕೋದಲ್ಲಿ ವಾಸಿಲಿ ನಲಿಮೊವ್ ಎಂಬ ಗಣಿತಜ್ಞರು, ಸ್ಟಾಲಿನ್ ಕಾಲದಲ್ಲಿ ಕೊಲಿಮಾದ ಶಿಬಿರಗಳಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದು ಬದುಕಿ ಬಂದವರು, 1969ರಲ್ಲಿ ಮುಲ್ಚೆಂಕೊ ಅವರೊಡನೆ ಬರೆದ ಪುಸ್ತಕ ಈ ವಿದ್ಯೆಗೆ ಹೆಸರು ಕೊಟ್ಟಿತು. 1978ರಲ್ಲಿ ಬುಡಾಪೆಸ್ಟ್‌ನ ಟಿಬೋರ್ ಬ್ರೌನ್ ಆ ಹೆಸರಿನ ಇಂಗ್ಲಿಷ್ ರೂಪವಾದ ‘ಸೈಂಟೊಮೆಟ್ರಿಕ್ಸ್’ ಎಂಬ ಜರ್ನಲ್ ಆರಂಭಿಸಿದರು.

ಇನ್ನು 1973ಕ್ಕೆ ಬರೋಣ. ಆ ವರ್ಷ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಮಂಡಳಿ ‘ಸೈನ್ಸ್ ಇಂಡಿಕೇಟರ್ಸ್’ ಎಂಬ ವರದಿಯನ್ನು ಹೊರತಂದಿತು. ಜಗತ್ತಿನ ದೇಶಗಳ ಸಂಶೋಧನಾ ಪ್ರಬಂಧಗಳು, ಅವುಗಳಿಗೆ ಸಿಕ್ಕ ಉಲ್ಲೇಖಗಳು, ಗಾರ್ಫೀಲ್ಡ್ ಸಂಸ್ಥೆಯ ದತ್ತಾಂಶದ ಆಧಾರದ ಮೇಲೆ, ಸರ್ಕಾರಿ ಮುದ್ರೆಯೊಂದಿಗೆ ಒಂದು ಕಡೆ ಬಂದವು. ದ ಕಾಂಡೋಲ್ ಅವರ ಪ್ರಶ್ನೆಗೆ ಶೆಪರ್ಡ್ ಅವರ ಉಪಕರಣ ಜೋಡಿಯಾದದ್ದು ಹೀಗೆ, ಸರಿಯಾಗಿ ನೂರನೇ ವರ್ಷಕ್ಕೆ.

ಅದೇ 1973ರ ದತ್ತಾಂಶದಲ್ಲಿ ಭಾರತ ಎಲ್ಲಿತ್ತು? ಎಂಟನೇ ಸ್ಥಾನದಲ್ಲಿ. ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ, ಪಶ್ಚಿಮ ಜರ್ಮನಿ, ಫ್ರಾನ್ಸ್, ಜಪಾನ್, ಕೆನಡಾಗಳ ನಂತರ ನಾವು. ಸ್ವಾತಂತ್ರ್ಯ ಬಂದು ಇಪ್ಪತ್ತಾರು ವರ್ಷವಾಗಿದ್ದ ಬಡ ದೇಶಕ್ಕೆ ಇದು ಸಣ್ಣ ಮಾತಲ್ಲ. ಮೂರನೇ ಜಗತ್ತಿನ ದೇಶಗಳೆಲ್ಲ ಸೇರಿ ಎಸ್‌ಸಿಐಗೆ ಕೊಟ್ಟದ್ದು ಶೇಕಡಾ 5ರ ಆಸುಪಾಸು. ಅದರಲ್ಲಿ ಅರ್ಧದಷ್ಟು ಭಾರತದ್ದೇ ಎಂದು ಗಾರ್ಫೀಲ್ಡ್ 1983ರಲ್ಲಿ ವಿಶ್ಲೇಷಿಸಿ ಬರೆದರು. ಆದರೆ ಆ ಪ್ರಬಂಧಗಳಿಗೆ ಸಿಗುತ್ತಿದ್ದ ಉಲ್ಲೇಖ ಜಾಗತಿಕ ಸರಾಸರಿಗಿಂತ ಬಹಳ ಕಡಿಮೆಯಿತ್ತು. ಬರೆಯುತ್ತಿದ್ದೆವು, ಓದುವವರು ಕಡಿಮೆ. ವಿದೇಶಿ ಜರ್ನಲ್ ಇಲ್ಲಿಗೆ ಹಡಗಿನಲ್ಲಿ ತಿಂಗಳುಗಟ್ಟಲೆ ತಡವಾಗಿ ಬರುತ್ತಿದ್ದ ಕಾಲ ಅದು. ಎಸ್‌ಸಿಐ ಸಂಪುಟಗಳನ್ನೇ ಕೊಳ್ಳುವ ಶಕ್ತಿ ದೇಶದ ಬೆರಳೆಣಿಕೆಯ ಗ್ರಂಥಾಲಯಗಳಿಗಿತ್ತು.

ಇಂಥ ಎಣಿಕೆಯ ಒಳಗುಟ್ಟು ಬಯಲಾದದ್ದು ಬ್ರಿಟನ್ನಿನಲ್ಲಿ. 1980ರ ದಶಕದಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ವಿಶ್ವವಿದ್ಯಾಲಯಗಳ ಅನುದಾನ ಬಿಗಿ ಮಾಡಿತ್ತು. ಸಸೆಕ್ಸ್ ವಿಶ್ವವಿದ್ಯಾಲಯದ ಜಾನ್ ಅರ್ವಿನ್, ಬೆನ್ ಮಾರ್ಟಿನ್ ಮತ್ತು ಸಂಗಡಿಗರು 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬ್ರಿಟಿಷ್ ವಿಜ್ಞಾನ ಇಳಿಮುಖವಾಗಿದೆ ಎಂದು ಅಂಕಿಅಂಶ ಸಮೇತ ತೋರಿಸಿದರು. ಮರುವರ್ಷ ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳ ಬೆಂಬಲದೊಂದಿಗೆ ‘ಸೇವ್ ಬ್ರಿಟಿಷ್ ಸೈನ್ಸ್’ ಎಂಬ ಚಳವಳಿ ಪತ್ರಿಕಾ ಜಾಹೀರಾತಿನ ಮೂಲಕ ಹುಟ್ಟಿತು. ಆಗ ಆಮ್‌ಸ್ಟರ್‌ಡ್ಯಾಮಿನ ಲೋಯೆಟ್ ಲೈಡೆಸ್‌ಡಾರ್ಫ್ ಎದ್ದು ನಿಂತು ಲೆಕ್ಕವನ್ನೇ ಪ್ರಶ್ನಿಸಿದರು.

ಅವರ ತಕರಾರು ಹೀಗಿತ್ತು. ಎಣಿಕೆಗೆ ಬಳಸಿದ್ದು ನ್ಯೂಜೆರ್ಸಿಯ ಫ್ರಾನ್ಸಿಸ್ ನಾರಿನ್ ಅವರ ಕಂಪನಿ ಸಿದ್ಧಪಡಿಸಿದ ದತ್ತಾಂಶ. ಅದರಲ್ಲಿ 1973ರಲ್ಲಿ ಎಸ್‌ಸಿಐನಲ್ಲಿದ್ದ ಎರಡು ಸಾವಿರಕ್ಕೂ ಮಿಕ್ಕ ಜರ್ನಲ್‌ಗಳನ್ನು ಹಾಗೇ ಸ್ಥಿರವಾಗಿ ಇಟ್ಟುಕೊಂಡು ವರ್ಷದಿಂದ ವರ್ಷಕ್ಕೆ ಹೋಲಿಸಲಾಗಿತ್ತು. ಪಟ್ಟಿ ಬದಲಾದರೆ ಹೋಲಿಕೆ ತಪ್ಪುತ್ತದೆ ಎಂಬುದು ಅದರ ಹಿಂದಿನ ತರ್ಕ, ನ್ಯಾಯವಾದ ತರ್ಕವೇ. ಆದರೆ ವಿಜ್ಞಾನ ನಿಂತಲ್ಲೇ ನಿಲ್ಲುವುದಿಲ್ಲ. ಹೊಸ ಕ್ಷೇತ್ರ ಹುಟ್ಟಿದಂತೆ ಹೊಸ ಜರ್ನಲ್ ಹುಟ್ಟುತ್ತದೆ, ಚುರುಕಾದವರು ಅಲ್ಲಿಗೆ ಹೋಗುತ್ತಾರೆ. ಹಳೆಯ ಪಟ್ಟಿ ಹಿಡಿದವರಿಗೆ ಅವರು ಕಾಣೆಯಾದಂತೆ ತೋರುತ್ತದೆ. ಪಟ್ಟಿಯನ್ನು ಬೆಳೆಯಲು ಬಿಟ್ಟರೆ ಇನ್ನೊಂದು ತೊಂದರೆ: ಪಟ್ಟಿಗೆ ಯಾವುದನ್ನು ಸೇರಿಸುತ್ತೀರಿ ಎಂಬುದರ ಮೇಲೆ ಫಲಿತಾಂಶ ನಿಲ್ಲುತ್ತದೆ. ಬ್ರಿಟನ್ ಮತ್ತು ಅಮೆರಿಕದ ಲೇಖಕರು ಸೇರಿ ಬರೆದ ಪ್ರಬಂಧಕ್ಕೆ ಇಬ್ಬರಿಗೂ ಒಂದೊಂದು ಅಂಕವೇ, ಅರ್ಧರ್ಧವೇ ಎಂಬುದೂ ತೀರ್ಮಾನವಾಗಬೇಕು. ಈ ಆಯ್ಕೆಗಳನ್ನು ಬದಲಿಸಿ ಎಣಿಸಿದರೆ ಬ್ರಿಟನ್ನಿನ ಇಳಿಕೆ ಕಾಣುವುದೇ ಇಲ್ಲ ಎಂದರು ಲೈಡೆಸ್‌ಡಾರ್ಫ್. ವರ್ಷಗಟ್ಟಲೆ ವಾಗ್ವಾದ ನಡೆಯಿತು. ಎರಡೂ ಕಡೆಯವರು ಪ್ರಾಮಾಣಿಕರು, ಎರಡೂ ಕಡೆಯವರ ಕೈಯಲ್ಲಿದ್ದದ್ದು ಒಂದೇ ಮೂಲದ ದತ್ತಾಂಶ. ದೇಶದ ರ‍್ಯಾಂಕ್ ಓದುವ ಪ್ರತಿಯೊಬ್ಬರೂ ಈ ಜಗಳವನ್ನು ನೆನಪಿಟ್ಟುಕೊಳ್ಳಬೇಕೆಂದು ನನಗೆ ಅನ್ನಿಸುತ್ತದೆ. ಎಷ್ಟು ಎಂದು ಕೇಳುವ ಮೊದಲು ಯಾವ ಪಟ್ಟಿಯಲ್ಲಿ, ಯಾರ ಲೆಕ್ಕದಲ್ಲಿ ಎಂದು ಕೇಳಬೇಕು.

ನಮ್ಮ ಸರದಿ ಬಂದದ್ದು ಅದರ ಬೆನ್ನಿಗೇ. 1980ರಲ್ಲಿ ಎಸ್‌ಸಿಐನಲ್ಲಿ ಭಾರತದ ಪ್ರಬಂಧಗಳು 15 ಸಾವಿರದ ಹತ್ತಿರ ಇದ್ದವು; 2000ದ ಹೊತ್ತಿಗೆ 12 ಸಾವಿರದ ಆಸುಪಾಸಿಗೆ ಇಳಿದವು. ಅದೇ ಇಪ್ಪತ್ತು ವರ್ಷದಲ್ಲಿ ಚೀನಾ ಸಾವಿರಕ್ಕೂ ಕಡಿಮೆ ಇದ್ದದ್ದು 20 ಸಾವಿರ ದಾಟಿತು. ಇದನ್ನು ಎಣಿಸಿ ದೇಶದ ಮುಂದಿಟ್ಟವರು ಮಾಹಿತಿ ವಿಜ್ಞಾನಿ ಸುಬ್ಬಯ್ಯ ಅರುಣಾಚಲಂ. ಭಾರತದಲ್ಲಿ ವಿಜ್ಞಾನ ಇಳಿಮುಖವಾಗಿದೆಯೇ ಎಂದು ಅವರು 2002ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ನೇರವಾಗಿ ಕೇಳಿದರು. 1932ರಲ್ಲಿ ಹುಟ್ಟಿದ ಆ ಪತ್ರಿಕೆಗೆ ಆಗ ಪಿ. ಬಲರಾಂ ಸಂಪಾದಕರು. ಪ್ರಬಂಧ ಎಣಿಕೆ, ಇಂಪ್ಯಾಕ್ಟ್ ಫ್ಯಾಕ್ಟರ್, ಅದರ ದುರುಪಯೋಗಗಳ ಬಗ್ಗೆ ಅವರು ಬರೆದ ಸಂಪಾದಕೀಯಗಳು ಆ ಚರ್ಚೆಯನ್ನು ವರ್ಷಾನುಗಟ್ಟಲೆ ಜೀವಂತವಾಗಿಟ್ಟವು. ಇಳಿಕೆಯ ಒಂದು ಪಾಲು ಪಟ್ಟಿಯಿಂದ ಹಲವು ಭಾರತೀಯ ಜರ್ನಲ್‌ಗಳು ಬಿದ್ದುಹೋದದ್ದರಿಂದ ಆದದ್ದು ಎಂಬುದು ನಿಜ. ಅಷ್ಟು ಹೇಳಿ ಕೈತೊಳೆದುಕೊಳ್ಳಲಾಗದು. ರಾಜ್ಯಗಳ ವಿಶ್ವವಿದ್ಯಾಲಯಗಳಲ್ಲಿ ಹುದ್ದೆಗಳು ಖಾಲಿ ಬಿದ್ದಿದ್ದವು, ಪ್ರಯೋಗಾಲಯಗಳಿಗೆ ರಾಸಾಯನಿಕ ಕೊಳ್ಳಲೂ ಹಣವಿರಲಿಲ್ಲ. ಅರುಣಾಚಲಂ ತೋರಿಸಿದ ಕುಸಿತ ಎಣಿಕೆಯ ದೋಷವಷ್ಟೇ ಅಲ್ಲ, ನಿಜವಾದ ಕುಸಿತವೂ ಹೌದು. ಅದನ್ನು ಕಾಣಿಸಿದ್ದು ಇದೇ ಅಳತೆಗೋಲು. ಅದಕ್ಕಾಗಿ ನಾವು ಕೃತಜ್ಞರಾಗಿರಬೇಕು.

ಅತ್ತ ಬ್ರಿಟನ್ ಸರ್ಕಾರದ ಮುಖ್ಯ ವೈಜ್ಞಾನಿಕ ಸಲಹೆಗಾರರಾಗಿದ್ದ ರಾಬರ್ಟ್ ಮೇ 1997ರಲ್ಲಿ ದೇಶಗಳ ವೈಜ್ಞಾನಿಕ ಸಂಪತ್ತನ್ನು ‘ಸೈನ್ಸ್’ನಲ್ಲಿ ಹೋಲಿಸಿದರು. ಜಗತ್ತಿನ ಪ್ರಬಂಧಗಳಲ್ಲಿ ಮೂರನೇ ಒಂದರಷ್ಟು, ಉಲ್ಲೇಖಗಳಲ್ಲಿ ಅರ್ಧದಷ್ಟು ಅಮೆರಿಕದ ಪಾಲಾಗಿತ್ತು. 2004ರಲ್ಲಿ ಅವರ ಉತ್ತರಾಧಿಕಾರಿ ಡೇವಿಡ್ ಕಿಂಗ್ ‘ನೇಚರ್’ನಲ್ಲಿ ಕೊಟ್ಟ ಚಿತ್ರ ಇನ್ನೂ ಕಟುವಾಗಿತ್ತು. ಅತಿ ಹೆಚ್ಚು ಉಲ್ಲೇಖ ಪಡೆದ ಶೇಕಡಾ 1 ಪ್ರಬಂಧಗಳಲ್ಲಿ ಶೇಕಡಾ 98ಕ್ಕೂ ಹೆಚ್ಚು ಪಾಲು 31 ದೇಶಗಳದ್ದು. ಉಳಿದ 162 ದೇಶಗಳು ಸೇರಿ ಶೇಕಡಾ 2ನ್ನೂ ಮುಟ್ಟಿರಲಿಲ್ಲ. ಆ 31ರಲ್ಲಿ ಆಫ್ರಿಕಾ ಖಂಡದಿಂದ ಇದ್ದದ್ದು ದಕ್ಷಿಣ ಆಫ್ರಿಕಾ ಒಂದೇ.

ಅಳತೆ ದೇಶದಿಂದ ವ್ಯಕ್ತಿಗೆ ಇಳಿದಾಗ ಅನಾಹುತ ಶುರುವಾಯಿತು. ಜರ್ನಲ್‌ಗಳನ್ನು ಆರಿಸಲು ಗಾರ್ಫೀಲ್ಡ್ ಮತ್ತು ಅರ್ವಿಂಗ್ ಷೆರ್ ಬಳಸಿದ ಇಂಪ್ಯಾಕ್ಟ್ ಫ್ಯಾಕ್ಟರ್ 1975ರಿಂದ ವಾರ್ಷಿಕ ವರದಿಯಾಗಿ ಪ್ರಕಟವಾಗುತ್ತಾ, ಆ ಜರ್ನಲ್ಲಿನಲ್ಲಿ ಬರೆದವರ ಯೋಗ್ಯತೆಯ ಗುರುತೂ ಆಗಿಬಿಟ್ಟಿತು. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಇಡೀ ಬದುಕಿನ ಕೆಲಸವನ್ನು ಒಂದೇ ಅಂಕಿಗೆ ಇಳಿಸುವ ಎಚ್-ಇಂಡೆಕ್ಸ್ ಸೂಚಿಸಿದರು. ಚೀನಾದ ವಿಶ್ವವಿದ್ಯಾಲಯಗಳು ‘ನೇಚರ್’ ಅಥವಾ ‘ಸೈನ್ಸ್’ನಲ್ಲಿ ಒಂದು ಪ್ರಬಂಧ ಬಂದರೆ ಕೊಡುತ್ತಿದ್ದ ನಗದು ಬಹುಮಾನ 2016ರಲ್ಲಿ ಸರಾಸರಿ 40 ಸಾವಿರ ಡಾಲರ್ ದಾಟಿತ್ತು. ಆ ದೇಶ 2016ರಲ್ಲಿ ಪ್ರಬಂಧಗಳ ಸಂಖ್ಯೆಯಲ್ಲಿ ಅಮೆರಿಕವನ್ನೂ ಹಿಂದಿಕ್ಕಿತು. 2020ರಲ್ಲಿ ಅಲ್ಲಿನ ಸರ್ಕಾರವೇ ಎಸ್‌ಸಿಐ ಆರಾಧನೆ ಸಾಕು, ನಗದು ಬಹುಮಾನ ನಿಲ್ಲಿಸಿ ಎಂದು ಆದೇಶಿಸಬೇಕಾಯಿತು.

ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2010ರಲ್ಲಿ ಕಾಲೇಜು ಅಧ್ಯಾಪಕರ ನೇಮಕಾತಿ, ಬಡ್ತಿಗಳಿಗೆ ಎಪಿಐ ಎಂಬ ಸಾಧನೆಯ ಅಂಕಗಳನ್ನು ತಂದಿತು. ಒಂದು ಪ್ರಬಂಧಕ್ಕೆ ಇಷ್ಟು ಅಂಕ. ಪ್ರಯೋಗಾಲಯವಿಲ್ಲದ, ಗ್ರಂಥಾಲಯಕ್ಕೆ ಜರ್ನಲ್ ಬಾರದ, ವಾರಪೂರ್ತಿ ತರಗತಿಗಳಿರುವ ತಾಲ್ಲೂಕು ಕಾಲೇಜಿನ ಅಧ್ಯಾಪಕರೂ ಪ್ರಬಂಧ ಪ್ರಕಟಿಸಲೇಬೇಕಾಯಿತು. ದುಡ್ಡು ಕೊಟ್ಟರೆ ಎರಡು ದಿನದಲ್ಲಿ ಅಚ್ಚು ಹಾಕುವ ನಕಲಿ ಜರ್ನಲ್‌ಗಳು ಅಣಬೆಗಳಂತೆ ಎದ್ದವು. ಯುಜಿಸಿ ತಾನೇ ಒಪ್ಪಿಕೊಂಡಿದ್ದ ಜರ್ನಲ್ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ಹೆಸರುಗಳನ್ನು ಕಿತ್ತುಹಾಕಿತು. ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಮೊದಲು ಜರ್ನಲ್ಲಿನಲ್ಲಿ ಪ್ರಕಟಿಸಲೇಬೇಕೆಂಬ ಕಡ್ಡಾಯ 2022ರಲ್ಲಿ ಹೋಯಿತು. ಅಷ್ಟರಲ್ಲಿ ಎಷ್ಟು ಮಂದಿ ಬಡ ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್ ಹಣ ಆ ಜರ್ನಲ್‌ಗಳ ಪಾಲಾಯಿತೋ.

ಈ ಅಳತೆಯ ಕಣ್ಣಿಗೆ ಬೀಳದ ಕೆಲಸ ಎಂಥದ್ದಿರುತ್ತದೆ? ರಾಮನ್ ತಮ್ಮ ಹೊಸ ವಿಕಿರಣದ ಪೂರ್ಣ ವಿವರವನ್ನು 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಭಾಷಣವಾಗಿ ಕೊಟ್ಟರು. ಅದನ್ನು ಅಚ್ಚು ಹಾಕಿಸಿದ್ದು ಕಲ್ಕತ್ತೆಯ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ, ತಾವೇ ಎರಡು ವರ್ಷದ ಹಿಂದೆ ಆರಂಭಿಸಿದ ಪತ್ರಿಕೆಯಲ್ಲಿ. ಇಂದಿನ ಅಂಕಪದ್ಧತಿಯಲ್ಲಿ ಅಂಥ ಕಡೆ ಬರೆಯಬೇಡಿ ಎಂದೇ ತರುಣರಿಗೆ ಬುದ್ಧಿ ಹೇಳುತ್ತಾರೆ. ಜಿ. ಎನ್. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ಕೊಟ್ಟ ನಕ್ಷೆಯಿಲ್ಲದೆ ಇಂದು ಯಾವ ಪ್ರೋಟೀನಿನ ರಚನೆಯನ್ನೂ ಪರೀಕ್ಷಿಸುವುದಿಲ್ಲ. ಅದು ಅಷ್ಟು ಮನೆಮಾತಾಗಿದೆಯೆಂದೇ ಮೂಲ ಪ್ರಬಂಧವನ್ನು ಉಲ್ಲೇಖಿಸದೆ ಬಳಸುವವರು ಹೆಚ್ಚು.

ಮೂರನೆಯ ಉದಾಹರಣೆ ಮಂಡ್ಯದ್ದು. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಹಳೇ ಮೈಸೂರಿನ ಮಳೆಯಾಶ್ರಿತ ಹೊಲಗಳಲ್ಲಿ ಇಳುವರಿ ಏರಿತು, ಲಕ್ಷಾಂತರ ಮನೆಗಳಲ್ಲಿ ಮುದ್ದೆ ದೊಡ್ಡದಾಯಿತು. ಬಿತ್ತುವ ರೈತರು ಅಡಿಟಿಪ್ಪಣಿ ಬರೆಯುವುದಿಲ್ಲ. ಕರ್ನಾಟಕದ ವಿಜ್ಞಾನದ ಚರಿತ್ರೆ ಬರೆಯುವವರು ಎಸ್‌ಸಿಐ ಒಂದನ್ನೇ ಮುಂದಿಟ್ಟುಕೊಂಡರೆ ಲಕ್ಷ್ಮಣಯ್ಯನವರು ಸಿಗುವುದು ಕಷ್ಟ.

ಉಲ್ಲೇಖಗಳಿಂದ ವ್ಯಕ್ತಿಯನ್ನು ಅಳೆಯುವಾಗ ಎಚ್ಚರ ಬೇಕೆಂದು ಗಾರ್ಫೀಲ್ಡ್ 2017ರಲ್ಲಿ ತೀರಿಕೊಳ್ಳುವ ತನಕ ಮತ್ತೆ ಮತ್ತೆ ಹೇಳಿದರು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಜರ್ನಲ್ ಸಂಪಾದಕರು, ವಿಜ್ಞಾನಿಗಳನ್ನು ಇಂಪ್ಯಾಕ್ಟ್ ಫ್ಯಾಕ್ಟರಿನಿಂದ ಅಳೆಯಬೇಡಿ ಎಂದು ಘೋಷಣೆ ಹೊರಡಿಸಿದರು. 2015ರಲ್ಲಿ ಈ ಎಣಿಕೆಯ ತಜ್ಞರೇ ಲೈಡನ್ ಪ್ರಣಾಳಿಕೆಯಲ್ಲಿ ಹತ್ತು ಸೂತ್ರಗಳನ್ನು ಕೊಟ್ಟರು. ಸ್ಥಳೀಯವಾಗಿ ಬೇಕಾದ ಸಂಶೋಧನೆಯನ್ನು ರಕ್ಷಿಸಿ ಎಂಬುದು ಅವುಗಳಲ್ಲೊಂದು.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಎಣಿಕೆಯಂತೆ 2018ರಲ್ಲಿ ಚೀನಾದಿಂದ 5,28,263, ಅಮೆರಿಕದಿಂದ 4,22,808, ಭಾರತದಿಂದ 1,35,788 ವಿಜ್ಞಾನ ಮತ್ತು ಎಂಜಿನಿಯರಿಂಗ್ ಪ್ರಬಂಧಗಳು ಬಂದವು. ನಾವು ಜಗತ್ತಿಗೇ ಮೂರನೆಯವರು. ಈ ಏರಿಕೆಯಲ್ಲಿ ನಿಜವಾದ ದುಡಿಮೆ ಬಹಳವಿದೆ, ಅಂಕಕ್ಕಾಗಿ ಬರೆದದ್ದೂ ಇದೆ, ಎರಡನ್ನೂ ಬೇರ್ಪಡಿಸಲು ಒಟ್ಟು ಸಂಖ್ಯೆಯಿಂದ ಆಗದು. ವಿಶ್ವವಿದ್ಯಾಲಯಗಳ ಆಯ್ಕೆ ಸಮಿತಿ, ಬಡ್ತಿ ಸಮಿತಿಗಳಲ್ಲಿ ಕೂರುವ ಹಿರಿಯರಲ್ಲಿ ಹಾಗಾಗಿ ಒಂದು ವಿನಂತಿ. ಅಭ್ಯರ್ಥಿಗಳಿಂದ ಅವರೇ ತಮ್ಮ ಅತ್ಯುತ್ತಮವೆಂದು ಆರಿಸಿದ ಎರಡೋ ಮೂರೋ ಪ್ರಬಂಧಗಳನ್ನು ಮೊದಲೇ ತರಿಸಿಕೊಳ್ಳಿ. ಅವು ಯಾವ ಜರ್ನಲ್ಲಿನಲ್ಲಿ ಬಂದಿವೆ, ಎಷ್ಟು ಉಲ್ಲೇಖ ಸಿಕ್ಕಿದೆ ಎಂದು ನೋಡುವ ಮುನ್ನ ಕೂತು ಪೂರ್ತಿ ಓದಿ, ಸಂದರ್ಶನದಲ್ಲಿ ಅವುಗಳ ಬಗ್ಗೆಯೇ ಕೇಳಿ.